ತಮಗೆ ದಕ್ಕದ ಮದ್ದಿಗಾಗಿ

ತಿಂಗಳ ಪೂಜೆ ಮುಗಿದಿತ್ತು. ಸಮಾಧಿಯ ಬಳಿ ಪ್ರಾರ್ಥನೆ ಸಲ್ಲಿಸಿ, ಮನೆಯವರು ಕೊಟ್ಟ ಕಾಫಿ ಕುಡಿದು ಹೊರಡಲು ಎದ್ದಿದ್ದೆ. ತೀರಿಕೊಂಡವರ ಹೆಂಡತಿ ಬಾಗಿಲವರೆಗೆ ಬಂದರು. ಬಂಧುಗಳೆಲ್ಲ ಸರಿದ ಮೇಲೆ ಮೆಲ್ಲಗೆ ಕೇಳಿದರು: “ಫಾದರ್, ಒಂದು ಮಾತು. ಹೋದ ಕ್ರಿಸ್ಮಸ್ ಹೊತ್ತಿಗೇ ಇವರು ಬೆನ್ನು ನೋವು, ಊಟ ಸೇರೋದಿಲ್ಲ ಅಂತಿದ್ರು. ಗ್ಯಾಸ್ಟ್ರಿಕ್ ಇರಬೇಕು ಅಂತ ನಾನೇ ಮಾತ್ರೆ ತಂದುಕೊಟ್ಟೆ. ಆವಾಗಲೇ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿದ್ರೆ ಉಳೀತಿದ್ರೇನೋ. ಇದು ನನ್ನ ಪಾಪ ಅಲ್ವಾ?”

ಅವರ ಯಜಮಾನರಿಗೆ ಬಂದದ್ದು ಮೇದೋಜೀರಕ ಗ್ರಂಥಿಯ ಕ್ಯಾನ್ಸರ್. ತಪಸ್ಸುಕಾಲದಲ್ಲಿ ಗೊತ್ತಾಯಿತು, ಆಗಸ್ಟ್‌ನಲ್ಲಿ ಮಣ್ಣು ಮಾಡಿದೆವು. ನಾನು “ದೇವರ ಚಿತ್ತ, ತಾಯಿ” ಎಂದು ಹೇಳಿ ಬಂದುಬಿಟ್ಟೆ. ಗುರುಗಳಾದ ನಮ್ಮ ಬಾಯಲ್ಲಿ ಈ ಮಾತು ಬಹಳ ಸುಲಭವಾಗಿ ಬರುತ್ತದೆ. ಆದರೆ ಆಕೆ ಕೇಳಿದ್ದು ದೇವರ ಚಿತ್ತದ ವಿಷಯವನ್ನಲ್ಲ, ತನ್ನ ಕೈಯಾರೆ ಕೊಟ್ಟ ಮಾತ್ರೆಯ ವಿಷಯವನ್ನು. ಅದಕ್ಕೆ ಉತ್ತರ ಹೇಳಬೇಕಾದರೆ ಆ ರೋಗ ಎಲ್ಲಿಂದ, ಎಂದಿನಿಂದ ಬರುತ್ತದೆ ಎಂಬುದಾದರೂ ನನಗೆ ತಿಳಿದಿರಬೇಕಿತ್ತಲ್ಲವೇ? ನಮ್ಮ ಧರ್ಮಕೇಂದ್ರಕ್ಕೆ ಸೇರಿದ ವೈದ್ಯರೊಬ್ಬರನ್ನು ಕೇಳಿದೆ. ಅವರು ಕೆಲವು ಲೇಖನಗಳನ್ನು ತಂದುಕೊಟ್ಟು, ನನಗೆ ಅರ್ಥವಾಗದ್ದನ್ನು ಎರಡು ಸಂಜೆ ಕುಳಿತು ವಿವರಿಸಿದರು. ಅದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿಯನ್ನು ನಿಮ್ಮ ಮುಂದಿಡುತ್ತೇನೆ. ರೋಗದ ವಿಷಯವಾಗಿ ಶುರುವಾದರೂ ಇದು ಕೊನೆಗೆ ನಮ್ಮ ಮನೆಗಳಲ್ಲಿ ಸಾವಿನ ಹಾಸಿಗೆಯ ಸುತ್ತ ನಡೆಯುವುದರ ವಿಷಯ.

ಮೊದಲು ಆ ಗ್ರಂಥಿಯ ಪರಿಚಯ. ಹೊಟ್ಟೆಯ ಹಿಂದೆ, ಬೆನ್ನೆಲುಬಿಗೆ ಆತುಕೊಂಡು ಅಡ್ಡಡ್ಡಲಾಗಿ ಮಲಗಿರುವ, ಸುಮಾರು 15 ಸೆಂಟಿಮೀಟರ್ ಉದ್ದದ ಒಂದು ಅಂಗ ಅದು. ಉಂಡದ್ದು ಅರಗಲು ರಸ ಕೊಡುತ್ತದೆ, ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡಲು ಇನ್ಸುಲಿನ್ ಕೊಡುತ್ತದೆ. ಕೈಗೆ ಸಿಗದು, ಕಣ್ಣಿಗೆ ಕಾಣದು. ಅದರಲ್ಲಿ ಗೆಡ್ಡೆ ಹುಟ್ಟಿದರೆ ಬಹಳ ಕಾಲ ಯಾವ ಸದ್ದೂ ಇರುವುದಿಲ್ಲ. ಕಾಮಾಲೆ, ಬೆನ್ನು ನೋವು, ತೂಕ ಇಳಿಯುವುದು, ಇದ್ದಕ್ಕಿದ್ದಂತೆ ಬರುವ ಸಕ್ಕರೆ ಕಾಯಿಲೆ, ಇವೆಲ್ಲ ಕಾಣಿಸಿಕೊಳ್ಳುವ ಹೊತ್ತಿಗೆ ಹತ್ತರಲ್ಲಿ ಎಂಟು ಜನರಿಗೆ ಶಸ್ತ್ರಚಿಕಿತ್ಸೆಯ ಕಾಲ ಮೀರಿರುತ್ತದೆ. ಎಲ್ಲ ಸೌಲಭ್ಯವಿರುವ ಅಮೆರಿಕದಲ್ಲೇ ಈ ರೋಗ ಪತ್ತೆಯಾದ ನೂರು ಜನರಲ್ಲಿ ಐದು ವರ್ಷ ಬದುಕುವವರು ಸುಮಾರು 13 ಮಂದಿ.

ಅದೇ ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ವಿದ್ಯಾಲಯದಲ್ಲಿ ಕ್ರಿಸ್ಟೀನ್ ಐಕೊಬುಝಿಯೊ-ಡೊನಹ್ಯೂ ಎಂಬ ರೋಗಶಾಸ್ತ್ರ ತಜ್ಞೆ ಕೆಲಸ ಮಾಡುತ್ತಿದ್ದರು. ಅವರ ಮುಂದಿದ್ದ ತೊಡಕು ಇದು. ಶಸ್ತ್ರಚಿಕಿತ್ಸೆಯಾದವರ ಗೆಡ್ಡೆ ಪ್ರಯೋಗಾಲಯಕ್ಕೆ ಬರುತ್ತದೆ, ನಿಜ. ಆದರೆ ಅವರು ಬೇಗ ಪತ್ತೆಯಾದ ಅದೃಷ್ಟವಂತರು. ಜನರನ್ನು ಕೊಲ್ಲುವ ಕ್ಯಾನ್ಸರ್, ಅಂದರೆ ಪಿತ್ತಜನಕಾಂಗಕ್ಕೂ ಶ್ವಾಸಕೋಶಕ್ಕೂ ಹಬ್ಬಿದ ಕ್ಯಾನ್ಸರ್, ಯಾರ ಕೈಗೂ ಸಿಗುತ್ತಿರಲಿಲ್ಲ. ಅದು ರೋಗಿಯೊಡನೆ ಸಮಾಧಿಗೆ ಹೋಗಿಬಿಡುತ್ತಿತ್ತು. ಹಾಗಾಗಿ ಅವರೂ ಅವರ ಸಂಗಡಿಗರೂ ಒಂದು ಕಠಿಣವಾದ ಕೆಲಸಕ್ಕೆ ಕೈಹಾಕಿದರು. ಇನ್ನು ವಾಸಿಯಾಗುವುದಿಲ್ಲವೆಂದು ತಿಳಿದ ರೋಗಿಗಳ ಬಳಿ, ಅವರ ಮನೆಯವರ ಬಳಿ ಒಂದು ಮನವಿ ಇಟ್ಟರು: ಸತ್ತ ಮೇಲೆ ಕೆಲವೇ ಗಂಟೆಗಳೊಳಗೆ ದೇಹವನ್ನು ಪರೀಕ್ಷಿಸಲು, ಗೆಡ್ಡೆ ಎಲ್ಲೆಲ್ಲಿ ಹಬ್ಬಿದೆಯೋ ಅಲ್ಲೆಲ್ಲದರಿಂದ ಚೂರುಗಳನ್ನು ತೆಗೆದಿಡಲು ಒಪ್ಪುವಿರಾ? ಹೊತ್ತು ಮೀರಿದರೆ ಜೀವಕೋಶ ಕೆಡುತ್ತದೆ. ಆದ್ದರಿಂದ ರಾತ್ರಿಯಾಗಲಿ ಹಬ್ಬದ ದಿನವಾಗಲಿ, ಕರೆ ಬಂದ ಕೂಡಲೇ ತಂಡ ಸಿದ್ಧವಾಗಬೇಕು. ಕೆಲಸ ಮುಗಿದ ಮೇಲೆ ದೇಹವನ್ನು ಅಂತ್ಯಕ್ರಿಯೆಗಾಗಿ ಮನೆಯವರಿಗೆ ಒಪ್ಪಿಸುತ್ತಾರೆ.

ಜನ ಒಪ್ಪಿದರು. 2009ರಲ್ಲಿ ಪ್ರಕಟವಾದ ಅವರ ಒಂದು ವರದಿಗೆ 76 ಮಂದಿಯ ಶವಪರೀಕ್ಷೆ ಆಧಾರವಾಗಿತ್ತು. ಮುಂದಿನ ವರ್ಷ, 2010ರ ಅಕ್ಟೋಬರ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಲೇಖನಕ್ಕೆ ಆಧಾರವಾದವರು ಏಳು ಮಂದಿ.

ಆ ಏಳು ಜನರಿಂದ ಏನು ತಿಳಿಯಿತು? ಇದನ್ನು ನಮ್ಮ ಧರ್ಮಕೇಂದ್ರದ ಭಾಷೆಯಲ್ಲೇ ಹೇಳುತ್ತೇನೆ. ಹಳೆಯ ಚರ್ಚುಗಳಲ್ಲಿ ನೂರು ನೂರೈವತ್ತು ವರ್ಷದ ಜ್ಞಾನಸ್ನಾನದ ದಾಖಲೆ ಪುಸ್ತಕಗಳಿರುತ್ತವೆ. ಒಂದು ಮನೆತನದವರು ಮೈಸೂರಿನಲ್ಲೊಬ್ಬರು, ಶಿವಮೊಗ್ಗದಲ್ಲೊಬ್ಬರು, ಮುಂಬಯಿಯಲ್ಲೊಬ್ಬರು ಇದ್ದರೂ ಪುಸ್ತಕ ತಿರುವುತ್ತಾ ಹೋದರೆ ಮೂಲ ಅಜ್ಜ ಯಾರು, ಯಾವ ಕವಲು ಮೊದಲು ಊರು ಬಿಟ್ಟಿತು ಎಂದು ಹೇಳಬಹುದು. ಜೀವಕೋಶಗಳಲ್ಲೂ ಹಾಗೆಯೇ. ಒಂದೊಂದು ಬಾರಿ ಕೋಶ ಒಡೆದು ಎರಡಾಗುವಾಗಲೂ ಅದರ ವಂಶವಾಹಿಯಲ್ಲಿ ಅಷ್ಟಿಷ್ಟು ತಪ್ಪು ನುಸುಳುತ್ತದೆ, ನಕಲು ಬರೆಯುವ ಗುಮಾಸ್ತನ ಕೈತಪ್ಪಿನ ಹಾಗೆ. ಎಲ್ಲ ಗೆಡ್ಡೆಗಳಲ್ಲೂ ಇರುವ ತಪ್ಪು ಹಳೆಯದು. ಪಿತ್ತಜನಕಾಂಗದ ಗೆಡ್ಡೆಯಲ್ಲಿ ಮಾತ್ರ ಇರುವುದು ಈಚಿನದು. ಹೀಗೆ ಎಣಿಸುತ್ತಾ ಹೋಗಿ ಕ್ಯಾನ್ಸರಿನ ವಂಶವೃಕ್ಷವನ್ನೇ ಬರೆದರು. ಕೋಶಗಳು ಎಷ್ಟು ದಿನಕ್ಕೊಮ್ಮೆ ಇಬ್ಬಾಗವಾಗುತ್ತವೆ ಎಂಬ ಲೆಕ್ಕ ಸೇರಿಸಿ ಕಾಲವನ್ನೂ ಅಂದಾಜು ಮಾಡಿದರು. ಮೊದಲ ತಪ್ಪು ಸಂಭವಿಸಿದಾಗಿನಿಂದ ನಿಜವಾದ ಕ್ಯಾನ್ಸರ್ ಕೋಶ ಹುಟ್ಟುವವರೆಗೆ ಸರಾಸರಿ 11.7 ವರ್ಷ. ಅಲ್ಲಿಂದ ಬೇರೆ ಅಂಗಗಳಿಗೆ ಹಬ್ಬುವ ಶಕ್ತಿಯುಳ್ಳ ಕೋಶ ಹುಟ್ಟಲು ಇನ್ನೂ 6.8 ವರ್ಷ. ಅಲ್ಲಿಂದ ಸಾವಿನವರೆಗೆ 2.7 ವರ್ಷ.

ಒಟ್ಟು ಇಪ್ಪತ್ತು ವರ್ಷ ದಾಟಿತು! ಈ ಲೆಕ್ಕವೇ ಕೊನೆಯ ಮಾತೆಂದು ತಿಳಿಯಬೇಡಿ. 2016ರಲ್ಲಿ ಟೊರಾಂಟೊದ ಸಂಶೋಧಕರು, ಕೆಲವು ಗೆಡ್ಡೆಗಳಲ್ಲಿ ವಂಶವಾಹಿಗಳು ಒಂದೇ ಏಟಿಗೆ ಚೂರುಚೂರಾಗಿ ರೋಗ ವೇಗವಾಗಿಯೇ ಬೆಳೆದಿರುವಂತಿದೆ ಎಂದು ತೋರಿಸಿದರು. ಆದರೂ ನನ್ನ ಧರ್ಮಕೇಂದ್ರದ ಆ ತಾಯಿಯ ಪ್ರಶ್ನೆಗೆ ಇಲ್ಲಿ ಒಂದು ಉತ್ತರವಿದೆ. ಬೆನ್ನು ನೋಯಲಾರಂಭಿಸಿದ ಆ ಕ್ರಿಸ್ಮಸ್‌ಗೆ ಎಷ್ಟೋ ವರ್ಷ ಮೊದಲೇ ಆ ಗೆಡ್ಡೆಯ ಬೀಜ ಬಿದ್ದಿರಬೇಕು. ಆಕೆ ಕೊಟ್ಟ ಗ್ಯಾಸ್ಟ್ರಿಕ್ ಮಾತ್ರೆ ಆ ರೋಗವನ್ನು ತಂದದ್ದಲ್ಲ, ಬೆಳೆಸಿದ್ದೂ ಅಲ್ಲ. ಹಾಗೆಂದು ನೀವು ನೋವನ್ನು ಅಲಕ್ಷ್ಯ ಮಾಡಬೇಡಿ; ಐವತ್ತು ದಾಟಿದ ಮೇಲೆ ಕಾರಣವಿಲ್ಲದೆ ತೂಕ ಇಳಿದರೆ, ಹೊಸದಾಗಿ ಸಕ್ಕರೆ ಕಾಯಿಲೆ ಬಂದರೆ, ಕಣ್ಣು ಹಳದಿಯಾದರೆ ವೈದ್ಯರಿಗೆ ತೋರಿಸಿ. ಬೀಡಿ ಸಿಗರೇಟು ಬಿಡಿ. ಇದು ಬೇರೆ ಮಾತು. ಆದರೆ ಮಣ್ಣಾದವರ ಹೆಸರಿನಲ್ಲಿ ತಮ್ಮನ್ನು ತಾವೇ ಕಟಕಟೆಯಲ್ಲಿ ನಿಲ್ಲಿಸಿಕೊಂಡಿರುವ ಹೆಂಡತಿಯರು, ಮಕ್ಕಳು ನಮ್ಮಲ್ಲಿ ಎಷ್ಟಿಲ್ಲ? ಅವರಿಗೆ ಈ ಸಮಾಧಾನವನ್ನು ಕೊಟ್ಟವರು ಹೆಸರು ಗೊತ್ತಿಲ್ಲದ ಏಳು ಜನ.

ಈಗ ನೈತಿಕ ಪ್ರಶ್ನೆಗೆ ಬರೋಣ. ಹೀಗೆ ದೇಹ ಕೊಡುವುದು ಸರಿಯೇ?

ನಮ್ಮ ಹಿರಿಯರು ಕೂಡಲೇ ಹೇಳುವ ಮಾತು ಗೊತ್ತಿದೆ: “ಇಡೀ ದೇಹ ಮಣ್ಣಿಗೆ ಹೋಗಬೇಕು, ಕಡೇ ದಿನ ಎದ್ದು ಬರಬೇಕಲ್ಲ!” ಈ ಮಾತನ್ನು ಹಗುರವಾಗಿ ಕಾಣಬಾರದು, ದೇಹದ ಪುನರುತ್ಥಾನವನ್ನು ನಿಜವಾಗಿ ನಂಬುವವರು ಮಾತ್ರ ಹೀಗೆ ಕೇಳಲು ಸಾಧ್ಯ. ಆದರೆ ಗೋವೆಗೆ ಯಾತ್ರೆ ಹೋದವರೆಲ್ಲ ನೆನಪಿಸಿಕೊಳ್ಳಿ. ಸಂತ ಫ್ರಾನ್ಸಿಸ್ ಝೇವಿಯರರ ಬಲ ಮುಂಗೈಯನ್ನು 1614ರಲ್ಲಿ ತೆಗೆದು ರೋಮಿಗೆ ಕಳುಹಿಸಿದರು. ಅದು ಇಂದಿಗೂ ಅಲ್ಲಿನ ಜೇಸು ದೇವಾಲಯದಲ್ಲಿದೆ. ಸಾವಿರಾರು ಜನರಿಗೆ ಜ್ಞಾನಸ್ನಾನ ಕೊಟ್ಟ ಕೈ ಅದು. ಸಂತರು ಕಡೇ ದಿನ ಒಂದೇ ಕೈಯಲ್ಲಿ ಎದ್ದು ಬರುತ್ತಾರೆಂದು ನಮ್ಮಲ್ಲಿ ಯಾರಾದರೂ ಚಿಂತಿಸಿದ್ದುಂಟೇ? ಕಾಡುಮೃಗಗಳ ಬಾಯಿಗೆ ಬಿದ್ದ ಅಂತಿಯೋಕ್ಯದ ಸಂತ ಇಗ್ನಾಸಿಯವರ ಪುನರುತ್ಥಾನದ ಬಗ್ಗೆ ಧರ್ಮಸಭೆಗೆ ಒಂದು ಕ್ಷಣವೂ ಸಂದೇಹ ಬಂದಿಲ್ಲ. 1992ರಲ್ಲಿ ಹೊರಬಂದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು 2301ನೇ ಪರಿಚ್ಛೇದದಲ್ಲಿ ವಿಜ್ಞಾನದ ಸಂಶೋಧನೆಗಾಗಿ ಶವಪರೀಕ್ಷೆ ಮಾಡಬಹುದೆಂದು ಒಪ್ಪುತ್ತದೆ, ಸತ್ತ ಮೇಲೆ ಅಂಗಗಳನ್ನು ಉಚಿತವಾಗಿ ದಾನ ಮಾಡುವುದು ಪುಣ್ಯಕಾರ್ಯವಾಗಬಲ್ಲುದೆಂದು ಹೇಳುತ್ತದೆ. ಅದಕ್ಕೂ ಬಹಳ ಮೊದಲು, 1956ರ ಮೇ 14ರಂದು, ಜಗದ್ಗುರು ಹನ್ನೆರಡನೆಯ ಪಿಯುಸ್‌ರವರು ನೇತ್ರದಾನದ ವಿಷಯ ಮಾತನಾಡುತ್ತಾ, ನೊಂದವರ ಹಿತಕ್ಕಾಗಿ ಮೃತದೇಹದಿಂದ ಒಂದು ಭಾಗವನ್ನು ಕೊಟ್ಟರೆ ಮೃತರಿಗೆ ಸಲ್ಲಬೇಕಾದ ಗೌರವಕ್ಕೆ ಕುಂದಿಲ್ಲವೆಂದು ಸ್ಪಷ್ಟಪಡಿಸಿದ್ದರು. ಜೊತೆಗೆ, ಇದನ್ನು ಎಲ್ಲರ ಮೇಲೂ ಕರ್ತವ್ಯವೆಂದು ಹೇರಬಾರದೆಂದೂ ಎಚ್ಚರಿಸಿದ್ದರು.

ಆದ್ದರಿಂದ ಕೊಡಬಹುದೇ ಎಂಬ ಪ್ರಶ್ನೆಗೆ ಉತ್ತರ ಸುಲಭ. ನನ್ನನ್ನು ಕಾಡಿದ್ದು ಅದಲ್ಲ. ಕೊಡುವುದು ಯಾವಾಗ ನಿಜವಾದ ದಾನವಾಗುತ್ತದೆ ಎಂಬುದು.

ಇದೇ ಗ್ರಂಥಿಯ ಚರಿತ್ರೆಯಲ್ಲೇ ಇದಕ್ಕೊಂದು ದೃಷ್ಟಾಂತವಿದೆ. 1642ರ ಮಾರ್ಚ್‌ನಲ್ಲಿ ಇಟಲಿಯ ಪಾದುವಾ ನಗರದಲ್ಲಿ (ಹೌದು, ನಮ್ಮ ಸಂತ ಅಂತೋಣಿಯವರ ಪಾದುವಾ) ಯೊಹಾನ್ ವಿರ್ಸುಂಗ್ ಎಂಬ ಅಂಗರಚನಾ ತಜ್ಞ ಸಂತ ಫ್ರಾನ್ಸಿಸರ ಹೆಸರಿನ ಆಸ್ಪತ್ರೆಯಲ್ಲಿ ಒಂದು ಶವವನ್ನು ಕೊಯ್ದು ನೋಡುವಾಗ ಮೇದೋಜೀರಕದ ಒಳಗೆ ಒಂದು ನಾಳವನ್ನು ಕಂಡ. ಏನೆಂದು ಅವನಿಗೇ ತಿಳಿಯದೆ ತಾಮ್ರದ ತಗಡಿನಲ್ಲಿ ಚಿತ್ರ ಕೆತ್ತಿಸಿ, ಅಚ್ಚು ಹಾಕಿಸಿ, ಯೂರೋಪಿನ ವಿದ್ವಾಂಸರಿಗೆಲ್ಲ ಕಳುಹಿಸಿ ಕೇಳಿದ. ಇಂದಿಗೂ ವೈದ್ಯರು ಅದನ್ನು ವಿರ್ಸುಂಗನ ನಾಳವೆಂದೇ ಕರೆಯುತ್ತಾರೆ. ಆ ಶವ ಯಾರದು? ಕೊಲೆಯ ಅಪರಾಧಕ್ಕಾಗಿ ಹಿಂದಿನ ದಿನ ಗಲ್ಲಿಗೇರಿಸಲ್ಪಟ್ಟ, ಮೂವತ್ತು ವರ್ಷದ ಒಬ್ಬ ಮನುಷ್ಯನದು. ಅವನನ್ನು ಯಾರೂ ಕೇಳಲಿಲ್ಲ. ದೇಹವನ್ನು ಕೊಯ್ಯುವುದು ಆ ಕಾಲದಲ್ಲಿ ಶಿಕ್ಷೆಯ ಬಾಲವಾಗಿತ್ತು.

ಅಷ್ಟು ದೂರವೇಕೆ? 1951ರಲ್ಲಿ ಇದೇ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಬಡ ಕರಿಯ ಮಹಿಳೆ ಗರ್ಭಕೊರಳಿನ ಕ್ಯಾನ್ಸರಿಗೆ ಚಿಕಿತ್ಸೆಗಾಗಿ ಬಂದರು. ಐದು ಮಕ್ಕಳ ತಾಯಿ. ಅವರ ಗೆಡ್ಡೆಯಿಂದ ಅವರಿಗೆ ಹೇಳದೆ ಕೋಶಗಳನ್ನು ತೆಗೆದರು. ಆ ಕಾಲದಲ್ಲಿ ಹಾಗೆ ಕೇಳುವ ಪದ್ಧತಿಯೇ ಇರಲಿಲ್ಲ. ಆ ಕೋಶಗಳು ಪ್ರಯೋಗಾಲಯದಲ್ಲಿ ಸಾಯದೆ ಬೆಳೆಯುತ್ತಾ ಹೋದವು. ಪೋಲಿಯೊ ಲಸಿಕೆಯಿಂದ ಹಿಡಿದು ಎಷ್ಟೋ ಸಂಶೋಧನೆಗಳಿಗೆ ಆಧಾರವಾದವು. ಆಕೆ ಅದೇ ವರ್ಷ ಅಕ್ಟೋಬರ್‌ನಲ್ಲಿ 31ನೇ ವಯಸ್ಸಿಗೆ ತೀರಿಕೊಂಡರು. ಮನೆಯವರಿಗೆ ವಿಷಯ ತಿಳಿಯಲು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಆ ಕೋಶಗಳಿಂದ ಲಾಭ ಪಡೆದ ಒಂದು ಕಂಪನಿಯೊಡನೆ ಅವರ ವಾರಸುದಾರರಿಗೆ ರಾಜಿಯಾದದ್ದು 2023ರಲ್ಲಿ.

ಪಾದುವಾದ ಅಪರಾಧಿಯ ದೇಹದಿಂದಲೂ ಲೋಕಕ್ಕೆ ಉಪಕಾರವಾಯಿತು, ಹೆನ್ರಿಯೆಟಾ ಅವರ ಕೋಶಗಳಿಂದಲೂ ಆಯಿತು. ಬಾಲ್ಟಿಮೋರಿನ ಏಳು ಜನರಿಂದಲೂ ಆಯಿತು. ಉಪಕಾರವನ್ನು ಮಾತ್ರ ತೂಗಿದರೆ ಮೂರೂ ಒಂದೇ. ಆದರೆ ಮೊದಲೆರಡು ಕಿತ್ತುಕೊಂಡದ್ದು. ಮೂರನೆಯದು ಕೈಯೆತ್ತಿ ಕೊಟ್ಟದ್ದು. ಕೊಟ್ಟದ್ದಾಗಬೇಕಾದರೆ ಕೊಡುವವರಿಗೆ ಮೊದಲು ಒಂದು ಸತ್ಯ ತಿಳಿದಿರಬೇಕು: ನಾನು ಸಾಯುತ್ತಿದ್ದೇನೆ ಎಂಬ ಸತ್ಯ.

ಇಲ್ಲಿಗೆ ಬಂದಾಗ, ಪ್ರಿಯ ಓದುಗರೇ, ನಾನು ಓದುತ್ತಿದ್ದ ಹಾಳೆಯನ್ನು ಕೆಳಗಿಟ್ಟೆ. ಏಕೆಂದರೆ ಆ ತಾಯಿಯ ಯಜಮಾನರಿಗೆ ತಮಗೆ ಕ್ಯಾನ್ಸರ್ ಎಂದು ಕೊನೆಯವರೆಗೂ ಯಾರೂ ಹೇಳಿರಲಿಲ್ಲ. ಏಪ್ರಿಲ್‌ನಲ್ಲಿ ನಾನು ಪರಮಪ್ರಸಾದ ತೆಗೆದುಕೊಂಡು ಹೋದಾಗ ಹಿರಿಯ ಮಗ ಗೇಟಿನ ಬಳಿಯೇ ನನ್ನನ್ನು ತಡೆದು, “ಅಪ್ಪನಿಗೆ ಹೇಳ್ಬೇಡಿ ಫಾದರ್, ಎದೆ ಒಡ್ಕೊಂಡು ಬಿಡ್ತಾರೆ. ಹೊಟ್ಟೇಲಿ ಹುಣ್ಣು ಅಂತ ಹೇಳಿದೀವಿ” ಎಂದ. ನಾನು ತಲೆಯಾಡಿಸಿದೆ. ರೋಗಿಗಳ ಅಭ್ಯಂಗವನ್ನೂ ಹಾಗೆಯೇ ಕೊಟ್ಟೆ, “ಬೇಗ ಗುಣವಾಗಲಿ, ಹಬ್ಬಕ್ಕೆ ಚರ್ಚಿನಲ್ಲಿ ಸಿಗೋಣ” ಎಂದು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಆ ನೋಟದ ಅರ್ಥ ನನಗೆ ಆಗ ಆಗಲಿಲ್ಲವೆಂದರೆ ಸುಳ್ಳಾಗುತ್ತದೆ.

ಪ್ರೀತಿಯಿಂದಲೇ ಮುಚ್ಚಿಡುತ್ತೇವೆ, ಒಪ್ಪುತ್ತೇನೆ. ಆದರೆ ಮುಚ್ಚಿಡುವುದರಿಂದ ಸಾಯುವವನ ಕೈಯಿಂದ ಏನೇನನ್ನು ಕಿತ್ತುಕೊಳ್ಳುತ್ತೇವೆ ಎಂದು ಯೋಚಿಸಿದ್ದೀರಾ? ತಮ್ಮನೊಡನೆ ಹತ್ತು ವರ್ಷದಿಂದ ಮಾತು ಬಿಟ್ಟಿದ್ದವನು ಕರೆಸಿ ರಾಜಿಯಾಗಬಹುದಿತ್ತು. ಮನಸಾರೆ ಪಾಪನಿವೇದನೆ ಮಾಡಬಹುದಿತ್ತು. ಹೆಂಡತಿಗೆ ಒಂದು ಮಾತು ಹೇಳಬಹುದಿತ್ತು. ಕಣ್ಣನ್ನೋ ದೇಹವನ್ನೋ ಕೊಡುತ್ತೇನೆಂದು ತಾನೇ ಬಾಯಿಬಿಟ್ಟು ಹೇಳಬಹುದಿತ್ತು. ಯೇಸುಸ್ವಾಮಿ ತಮ್ಮ ಸಾವನ್ನು ಅರಿತೇ ಕೊನೆಯ ಊಟಕ್ಕೆ ಕುಳಿತರು. ತಮ್ಮ ದೇಹವನ್ನು ಶಿಷ್ಯರಿಗೆ ಒಪ್ಪಿಸಿದ್ದು ಆ ಅರಿವಿನಲ್ಲೇ. ನಾವು ಅದನ್ನು ಪ್ರತಿದಿನ ಪೀಠದ ಮುಂದೆ ಆಚರಿಸುತ್ತೇವೆ, ಮನೆಗೆ ಬಂದು ಅಪ್ಪನಿಗೆ ಹೊಟ್ಟೆಹುಣ್ಣು ಎನ್ನುತ್ತೇವೆ.

ಹೇಗೆ ಹೇಳಬೇಕು, ಎಷ್ಟು ಹೇಳಬೇಕು, ಯಾರು ಹೇಳಬೇಕು ಎಂಬುದಕ್ಕೆ ಒಂದೇ ಸೂತ್ರವಿಲ್ಲ. ಒಮ್ಮೆಲೇ ಎಲ್ಲವನ್ನೂ ತಲೆಯ ಮೇಲೆ ಸುರಿಯಬೇಕಿಲ್ಲ. ಕೆಲವರು ಕೇಳುವುದಿಲ್ಲ, ಕೇಳಲು ಬಯಸುವುದೂ ಇಲ್ಲ. ಅದು ಅವರ ಹಕ್ಕು. ಆದರೆ ರೋಗಿ ಕೇಳಿದಾಗ ಸುಳ್ಳು ಹೇಳಬಾರದು ಎಂಬಷ್ಟನ್ನಾದರೂ ನಾವು ಉಳಿಸಿಕೊಳ್ಳಬಹುದು. ವೈದ್ಯ ಮಿತ್ರರು ನನಗೆ ಹೇಳಿದರು, ಬಹಳಷ್ಟು ರೋಗಿಗಳಿಗೆ ಗೊತ್ತೇ ಇರುತ್ತದೆಯಂತೆ. ಮನೆಯವರ ನೆಮ್ಮದಿಗಾಗಿ ಗೊತ್ತಿಲ್ಲದವರಂತೆ ನಟಿಸುತ್ತಾರಂತೆ. ಮುಚ್ಚಿಡುವುದು ಎರಡೂ ಕಡೆಯಿಂದ ನಡೆಯುತ್ತದೆ, ಮನೆಯಲ್ಲಿ ಎಲ್ಲರೂ ಒಬ್ಬೊಬ್ಬರೇ.

ಇನ್ನು ಈ ದಾನದಿಂದ ಮುಂದೆ ಏನಾಯಿತು ಎಂಬುದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಕಥೆ ಅರ್ಧವಾದೀತು.

2008ರಲ್ಲೇ ಹಾಪ್ಕಿನ್ಸ್‌ನ ವಿಜ್ಞಾನಿಗಳು 24 ಮಂದಿಯ ಗೆಡ್ಡೆಗಳನ್ನು ಓದಿ, ಒಂದೊಂದರಲ್ಲೂ ಸರಾಸರಿ 63 ವಂಶವಾಹಿ ದೋಷಗಳಿವೆ, ಒಬ್ಬರದು ಇನ್ನೊಬ್ಬರ ಹಾಗಿಲ್ಲ ಎಂದು ಕಂಡಿದ್ದರು. ಹೊರಗೆ ಒಂದೇ ಹೆಸರಿನ ರೋಗ, ಒಳಗೆ ಬೇರೆ ಬೇರೆ. ಹಾಗಾದರೆ ಎಲ್ಲರಿಗೂ ಒಂದೇ ಮದ್ದು ಕೊಡುವ ಬದಲು ಅವರವರ ಗೆಡ್ಡೆಯ ದೋಷವನ್ನು ಓದಿ ಅದಕ್ಕೆ ತಕ್ಕ ಮದ್ದು ಕೊಟ್ಟರೆ ಹೇಗೆ? ಇದನ್ನೇ ಇಂದು ನಿಖರ ಚಿಕಿತ್ಸೆ ಎನ್ನುತ್ತಾರೆ. ಆದರೆ ಒಂದು ಸಂಶಯ ಕಾಡುತ್ತಿತ್ತು. ರೋಗಿಯ ದೇಹದಲ್ಲಿ ಇಪ್ಪತ್ತು ಕಡೆ ಗೆಡ್ಡೆಯಿದ್ದು ಇಪ್ಪತ್ತೂ ಬೇರೆ ಬೇರೆಯಾಗಿದ್ದರೆ ಒಂದು ಕಡೆಯ ಚೂರನ್ನು ಪರೀಕ್ಷಿಸಿ ಏನು ಪ್ರಯೋಜನ? ಐಕೊಬುಝಿಯೊ-ಡೊನಹ್ಯೂ ಆ ಹೊತ್ತಿಗೆ ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಕೇಂದ್ರಕ್ಕೆ ಹೋಗಿದ್ದರು. 2017ರಲ್ಲಿ ಅವರ ತಂಡ ಚಿಕಿತ್ಸೆ ಪಡೆಯದಿದ್ದ ನಾಲ್ಕು ಮಂದಿಯ ಹಬ್ಬಿದ ಗೆಡ್ಡೆಗಳನ್ನೆಲ್ಲ ಹೋಲಿಸಿ, ರೋಗವನ್ನು ನಡೆಸುವ ಮುಖ್ಯ ದೋಷಗಳು ಒಬ್ಬ ರೋಗಿಯ ಎಲ್ಲ ಗೆಡ್ಡೆಗಳಲ್ಲೂ ಒಂದೇ ಆಗಿವೆ ಎಂದು ತೋರಿಸಿತು. ಒಂದು ಚೂರು ಸಾಕು, ಉಳಿದವುಗಳ ಗುಟ್ಟನ್ನೂ ಅದು ಹೇಳಬಲ್ಲುದು. ಬದುಕಿರುವ ರೋಗಿಯನ್ನು ಪದೇ ಪದೇ ಚುಚ್ಚದೆ ಇದನ್ನು ತಿಳಿಯಲು ಸತ್ತವರೇ ಸಹಾಯ ಮಾಡಬೇಕಾಯಿತು.

ಫಲ ಎಷ್ಟು? ಉತ್ಪ್ರೇಕ್ಷೆ ಬೇಡ. 2020ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 1,082 ರೋಗಿಗಳ ಗೆಡ್ಡೆ ಪರೀಕ್ಷೆಯ ಫಲಿತಾಂಶವಿತ್ತು. ಮದ್ದು ಹೊಂದಿಸಬಹುದಾದ ದೋಷ ಸಿಕ್ಕಿದ್ದು 282 ಮಂದಿಯಲ್ಲಿ. ಮುಂದೇನಾಯಿತೆಂದು ತಿಳಿದುಬಂದವರ ಪೈಕಿ ಅಂಥ ಮದ್ದು ನಿಜವಾಗಿ ಸಿಕ್ಕಿದವರು 46 ಮಂದಿ. ಅವರು ಬದುಕಿದ ಮಧ್ಯಮ ಅವಧಿ 2.58 ವರ್ಷ. ದೋಷ ಸಿಕ್ಕಿಯೂ ಆ ಮದ್ದು ಸಿಗದವರದು 1.51 ವರ್ಷ. ಒಂದು ವರ್ಷ ಹೆಚ್ಚು. ಇದು ಚೀಟಿಯೆತ್ತಿ ಎರಡು ಗುಂಪು ಮಾಡಿದ ಪರೀಕ್ಷೆಯಲ್ಲವಾದ್ದರಿಂದ ಪೂರಾ ಭರವಸೆಯಿಡುವಂತಿಲ್ಲ. ಹಾಗೆ ಮಾಡಿದ 2019ರ ಇನ್ನೊಂದು ಪರೀಕ್ಷೆಯಲ್ಲಿ, ಬಿಆರ್‌ಸಿಎ ಎಂಬ ವಂಶವಾಹಿಯಲ್ಲಿ ಹುಟ್ಟಿನಿಂದಲೇ ದೋಷವಿದ್ದವರಿಗೆ ಓಲಾಪರಿಬ್ ಮಾತ್ರೆ ಕೊಟ್ಟಾಗ ರೋಗ ಮುಂದುವರಿಯದೆ ನಿಂತ ಅವಧಿ 3.8 ತಿಂಗಳಿಂದ 7.4 ತಿಂಗಳಿಗೆ ಏರಿತು. ಒಟ್ಟು ಆಯುಸ್ಸಿನಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಇನ್ನೊಂದು ಆಶಾಕಿರಣ, ನ್ಯೂಯಾರ್ಕಿನ ಅದೇ ಕೇಂದ್ರದ ಡಾ. ವಿನೋದ್ ಬಾಲಚಂದ್ರನ್‌ರವರ ತಂಡದ ಲಸಿಕೆ. ಶಸ್ತ್ರಚಿಕಿತ್ಸೆಯಾದ 16 ಮಂದಿಗೆ ಅವರವರ ಗೆಡ್ಡೆಯನ್ನೇ ಓದಿ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ತಯಾರಿಸಿದ ಲಸಿಕೆ ಕೊಟ್ಟರು. 2023ರ ವರದಿಯಂತೆ ಎಂಟು ಮಂದಿಯ ದೇಹ ಲಸಿಕೆಗೆ ಸ್ಪಂದಿಸಿತು. ಇಷ್ಟೇ. ತಿಂಗಳುಗಳ ಲೆಕ್ಕ, ಎಂಟರ ಲೆಕ್ಕ.

ಇಂಥ ಮದ್ದು ಬಡವರ ಮನೆಗೆ ಯಾವಾಗ ಬಂದೀತು ಎಂಬ ಪ್ರಶ್ನೆ ನನ್ನನ್ನು ಚುಚ್ಚದೆ ಇಲ್ಲ. ಜಮೀನು ಅಡವಿಟ್ಟು, ಮಗಳ ಒಡವೆ ಮಾರಿ ಕೊನೆಯ ತಿಂಗಳ ಚಿಕಿತ್ಸೆ ನಡೆಸಿದ ಮನೆಗಳನ್ನು ನೀವೂ ಕಂಡಿದ್ದೀರಿ. ಫಲಕ್ಕೆ ಮೀರಿದ ಹೊರೆಯಾಗುವ ಚಿಕಿತ್ಸೆಯನ್ನು ನಿಲ್ಲಿಸುವುದು ತಪ್ಪಲ್ಲವೆಂದು ಧರ್ಮೋಪದೇಶ ಗ್ರಂಥದ 2278ನೇ ಪರಿಚ್ಛೇದವೇ ಹೇಳುತ್ತದೆ. ಅದನ್ನು ನಾವು ಪೀಠದಿಂದ ಸಾಕಷ್ಟು ಬಾರಿ ಹೇಳಿಲ್ಲ. ಆದರೆ ನಿರ್ಧಾರ ರೋಗಿಯದಾಗಬೇಕು. ಮತ್ತೆ ಅದೇ ಮಾತಿಗೆ ಬಂದೆವು, ಅವನಿಗೆ ತಿಳಿಸಿದ್ದರಲ್ಲವೇ ಅವನು ನಿರ್ಧರಿಸುವುದು? ಬಿಆರ್‌ಸಿಎ ದೋಷವಿದ್ದರೆ ಅದು ಅಣ್ಣತಮ್ಮಂದಿರಿಗೂ ಅಕ್ಕತಂಗಿಯರಿಗೂ ಮಕ್ಕಳಿಗೂ ಬಂದಿರಬಹುದು, ಅವರಿಗೂ ತಿಳಿಸಬೇಕಾಗುತ್ತದೆ. ಮಗಳ ಮದುವೆಗೆ ತೊಡಕಾಗುತ್ತದೆಂದು ಅದನ್ನೂ ಮುಚ್ಚಿಡುವ ಕಾಲ ನಮ್ಮಲ್ಲಿ ದೂರವಿಲ್ಲ.

ಬಾಲ್ಟಿಮೋರಿನ ಆ ಜನರ ದಾನದಲ್ಲಿ ನನಗೆ ದೊಡ್ಡದಾಗಿ ಕಂಡದ್ದು ಇನ್ನೊಂದಿದೆ. 2006ರಲ್ಲಿ ಡಾ. ರಾಜಕುಮಾರ್ ಅವರು ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಿದರು. ಅಂದಿನಿಂದ ನಮ್ಮ ನಾಡಿನಲ್ಲಿ ನೇತ್ರದಾನಕ್ಕೆ ಒಂದು ಮರ್ಯಾದೆ ಬಂದಿದೆ. ಕಣ್ಣು ಕೊಟ್ಟರೆ ಬೇಗನೆ ಯಾರೋ ಒಬ್ಬರು ಬೆಳಕು ಕಾಣುತ್ತಾರೆ. ನಮ್ಮ ವೈದ್ಯಕೀಯ ಕಾಲೇಜುಗಳಿಗೆ ದೇಹದಾನ ಮಾಡಿದರೆ ವಿದ್ಯಾರ್ಥಿಗಳು ಕಲಿಯುತ್ತಾರೆ. ಆದರೆ ತನ್ನನ್ನು ಕೊಂದ ಗೆಡ್ಡೆಯನ್ನು ಕೊಡುವವನಿಗೆ ಯಾವ ಭರವಸೆಯೂ ಇಲ್ಲ. ಅದರಿಂದ ಏನು ತಿಳಿದೀತೋ, ಯಾವ ವರ್ಷ ತಿಳಿದೀತೋ, ಏನೂ ತಿಳಿಯದೆಯೂ ಹೋದೀತೋ. ಬೆಥಾನಿಯದ ಮನೆಯಲ್ಲಿ ಆ ಹೆಂಗಸು ಬೆಲೆಬಾಳುವ ಸುಗಂಧ ತೈಲವನ್ನು ಯೇಸುಸ್ವಾಮಿಯ ಮೇಲೆ ಸುರಿದಾಗ ಸುತ್ತಲಿದ್ದವರಿಗೆ ಅದು ದಂಡವೆಂದೇ ಕಂಡಿತು. ಸ್ವಾಮಿ ಮಾತ್ರ ಅದನ್ನು ತಮ್ಮ ಶವಸಂಸ್ಕಾರಕ್ಕೆ ಹೊಂದಿಸಿ ಸ್ವೀಕರಿಸಿದರು.

ನವೆಂಬರ್ ಮೊದಲ ವಾರ ಸಮಾಧಿಗಳಿಗೆ ಹೂವಿಡಲು ಬಂದಿದ್ದ ಆ ತಾಯಿಯನ್ನು ನಾನೇ ನಿಲ್ಲಿಸಿ, ಚರ್ಚಿನ ಮೆಟ್ಟಿಲ ಮೇಲೆ ಕುಳ್ಳಿರಿಸಿ, ಇಷ್ಟನ್ನೂ ನನಗೆ ಬಂದ ಹಾಗೆ ಹೇಳಿದೆ. ಮಾತ್ರೆಯ ವಿಷಯವನ್ನೂ, ಇಪ್ಪತ್ತು ವರ್ಷದ ಲೆಕ್ಕವನ್ನೂ ಹೇಳಿದೆ. ಹಾಗೆಯೇ, ಅವರ ಯಜಮಾನರ ಹಾಸಿಗೆಯ ಬಳಿ ನಾನೂ ಸುಳ್ಳಾಡಿದೆ, ಅದಕ್ಕಾಗಿ ಕ್ಷಮಿಸಬೇಕು ಎಂದೆ. ಆಕೆ ಬಹಳ ಹೊತ್ತು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ಕುಳಿತಿದ್ದರು.

“ಆ ಏಳು ಜನಕ್ಕೆ ಗೊತ್ತಿತ್ತಾ ಫಾದರ್, ಸಾಯ್ತೀವಿ ಅಂತ?”

“ಅಲ್ಲಿ ರೋಗಿಗೆ ಹೇಳದೆ ಇದನ್ನೆಲ್ಲ ಕೇಳೋ ಹಾಗಿಲ್ಲ ತಾಯಿ.”

“ಹೆಸರು?”

“ಹೆಸರು ಹಾಕಿಲ್ಲಮ್ಮ. ಹಾಕೋದಿಲ್ಲ.”

ಆಕೆ ಚೀಲದಿಂದ ಸಣ್ಣ ಪರ್ಸು ತೆಗೆದರು. “ಹೆಸರಿಲ್ದೆ ಹೋದ್ರೂ ಪೂಜೆ ಬರೆಸ್ಬಹುದಾ?”

ಬರೆಸಬಹುದೆಂದೆ. ಕಚೇರಿಗೆ ಹೋಗಿ ಪೂಜೆಯ ಪುಸ್ತಕ ತೆರೆದೆವು. ಗುರುವಾರ ಬೆಳಗಿನ ಆರೂವರೆಯ ಪೂಜೆ ಖಾಲಿಯಿತ್ತು. ಯಜಮಾನರ ಹೆಸರು ಬರೆದು, ಅದರ ಕೆಳಗೆ ‘ಬಾಲ್ಟಿಮೋರಿನ ಏಳು ಮಂದಿ’ ಎಂದು ಬರೆದುಕೊಂಡೆ.